ಬಾಗಿಲ ಕಡೆಯ ಹಾಸಿಗೆ

ಅವರೆಕಾಯಿ ಗಾಡಿಗಳು ಬೀದಿಗಿಳಿದ ಕಾಲ. ಸಿ.ವಿ. ರಾಮನ್ ನಗರದ ಮುನಿಆಂಜನಪ್ಪನವರ ವಠಾರದಲ್ಲಿ ಬೆಳಿಗ್ಗೆಯೇ ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿದ್ದವು. ಸರದಿ ಬಂದ ಮಾನಪ್ಪ ಕೊಡ ಹಿಡಿದು ಕೂತಿದ್ದ. ಪಕ್ಕದ ಮನೆಯ ಜಯಮಾಲಾ ಹೊಸ್ತಿಲ ಮೇಲೆ ಅವರೆಕಾಯಿ ಸುಲಿಯುತ್ತಾ, ಇವತ್ತು ಚಳಿ ಜಾಸ್ತಿ ಅಂದಷ್ಟು ಸಲೀಸಾಗಿ ಹೇಳಿದಳು.

"ಏನ್ರಿ ಮಾನಪ್ಪಣ್ಣ, ನಿಮ್ಮ ಲಕ್ಷ್ಮಿಕಾಂತ ಇವತ್ತು ಹೊರಗ ಬೀಳ್ತಾನಂತಲ್ಲ?"

ಕೊಡ ತುಂಬಿ, ಹರಿದು, ನೀರು ಪಾದ ತೊಯಿಸಿ, ಅಂಗಳ ದಾಟಿ ಮೋರಿ ಸೇರಿದರೂ ಮಾನಪ್ಪನಿಗೆ ಎಚ್ಚರವಾಗಲಿಲ್ಲ.

ಟೀವಿಯಲ್ಲಿ 'ಒಂದೇ ಸೂರು' ಅಂತ ಒಂದು ಆಟ. ಒಂದಷ್ಟು ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಹೊರಗಿನಿಂದ ಚಿಲಕ ಹಾಕಿ, ಅವರು ಉಣ್ಣುವುದು, ಮಲಗುವುದು, ಬೇಯಿಸಿಟ್ಟ ಮೊಟ್ಟೆ ಯಾರು ತಿಂದರೆಂದು ಕಿತ್ತಾಡುವುದು, ಎಲ್ಲವನ್ನೂ ನಾಡಿಗೆ ತೋರಿಸುತ್ತಾರೆ. ಜನ ತಮಗೆ ಬೇಕಾದವರಿಗೆ ಫೋನಿನಲ್ಲಿ ವೋಟು ಒತ್ತುತ್ತಾರೆ, ಕಡಿಮೆ ವೋಟು ಬಿದ್ದ ಒಬ್ಬರನ್ನು ವಾರಕ್ಕೊಮ್ಮೆ ಹೊರಗೆ ಹಾಕುತ್ತಾರೆ. ಒಂದೇ ನಲ್ಲಿ, ಒಂದೇ ಬಚ್ಚಲು ನಂಬಿಕೊಂಡ ಈ ವಠಾರದವರು ವರ್ಷಗಟ್ಟಲೆ ಮಾಡಿಕೊಂಡು ಬಂದದ್ದೂ ಅದನ್ನೇ. ಇಲ್ಲಿ ಬಾಡಿಗೆ ಕೊಡಬೇಕು, ಅಲ್ಲಿ ಸಂಬಳ ಕೊಡುತ್ತಾರೆ, ವ್ಯತ್ಯಾಸ ಅಷ್ಟೆ.

ಲಕ್ಷ್ಮಿಕಾಂತ ಮಾನಪ್ಪನ ಹೆಂಡತಿ ಜಟ್ಟೆಮ್ಮನ ತಮ್ಮ. ಯಾದಗಿರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನು ಅಕ್ಕನ ಒಂದೇ ಕೋಣೆಯ ಮನೆಯಲ್ಲಿ ಇಳಿದ. ಕೆಲಸಗಳು ಅವನನ್ನು ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ. ಫ್ಯಾನಿನ ಕೆಳಗೆ, ಕೋಣೆಯ ನಟ್ಟನಡುವೆ, ಬಿಸಿಲಿಗೆ ಹರವಿದ ಜೋಳದ ಹಾಗೆ ನಾಲ್ಕೂ ದಿಕ್ಕಿಗೆ ಹರಡಿಕೊಂಡು ಮಲಗಿದ. ಗೊರಕೆಯೋ, ನೀರು ಹಿಡಿಯದ ಪಂಪ್‌ಸೆಟ್ಟು. ಜಟ್ಟೆಮ್ಮ ಒಲೆಯ ಮೂಲೆಗೆ ಸರಿದಳು, ಮಾನಪ್ಪ ಬಾಗಿಲಿಗೆ ಸರಿದ. ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ಹೊಸ್ತಿಲಿಗೆ ತಲೆಯಿಟ್ಟು ಮಲಗಿದವನನ್ನು ಬಚ್ಚಲಿಗೆ ಹೋಗುವವರೆಲ್ಲ ದಾಟಿಕೊಂಡು ಹೋದರು. ದಾಟುವಾಗ ಕೆಲವರು ಕ್ಷಮೆ ಕೇಳಿದರು, ಕೆಲವರು ಬಕೆಟ್ಟು ತುಳುಕಿಸಿದರು.

ಬಾಯಿಬಿಟ್ಟು ಹೇಳುವಂತಿಲ್ಲ. ಹೆಂಡತಿಯ ತವರಿನವನು. "ಇನ್ನಾ ಎಷ್ಟು ದಿನ ಇರ್ತಾನ?" ಎಂದು ಒಮ್ಮೆ ಕೇಳಿದ್ದಕ್ಕೆ ಜಟ್ಟೆಮ್ಮ ಹಿಟ್ಟಿನ ಕಡೆ ತಿರುಗಿದಳು. ಆ ವಾರವೆಲ್ಲ ಅವಳು ರೊಟ್ಟಿ ಬಡಿಯುವ ಸದ್ದು ಬೇರೆಯಾಗಿತ್ತು.

ಮಲಗಿದಲ್ಲೇ ಲಕ್ಷ್ಮಿಕಾಂತ, ಇಂದಿನ ಯುವಕರು ಮೈಮುರಿದು ದುಡಿಯಬೇಕೆಂದು ಉಪದೇಶದ ವಿಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಿದ್ದ. ಅದು ಟೀವಿಯವರಿಗೆ ಹಿಡಿಸಿ, ಜನಸಾಮಾನ್ಯರ ಪ್ರತಿನಿಧಿ ಎಂದು ಆಟಕ್ಕೆ ಕರೆದುಕೊಂಡು ಹೋದರು. ಆ ರಾತ್ರಿ ಮಾನಪ್ಪ ಫ್ಯಾನಿನ ಕೆಳಗೆ ಮಲಗಿ ನಿಧಾನವಾಗಿ ಕಾಲು ಚಾಚಿದ. ಕಾಲು ಹೋಯಿತು, ಹೋಯಿತು, ಆಚೆ ಗೋಡೆ ಸಿಗಲೇ ಇಲ್ಲ. ತನ್ನ ಮನೆ ಇಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಈಗ ಲಕ್ಷ್ಮಿಕಾಂತ ವಾಪಸ್ ಬರುತ್ತಾನೆ!

"ವೋಟು ಯಾವಾಗಿನ ತನಕ?" ಮಾನಪ್ಪ ನಲ್ಲಿ ತಿರುಗಿಸಿ ಕೇಳಿದ.

"ಸಂಜಿ ದೀಪ ಹಚ್ಚೋತನ. ಊಟದ ಹೊತ್ತಿಗೆ ತೋರಸ್ತಾರ."

"ಜಯಕ್ಕ, ನಿನ್ನ ಕಾಲು ಹಿಡೀತೀನಿ. ನಿಮ್ಮ ಮನ್ಯಾಗಿನ ಎಲ್ಲಾ ಫೋನಿಂದ ಅವನಿಗೆ ಒತ್ತಿಬಿಡ್ರಿ."

ಜಯಮಾಲಾ ಕಾಳು ಬಿಡಿಸುವುದನ್ನು ನಿಲ್ಲಿಸಿದಳು. "ನಮ್ಮ ವೋಟೆಲ್ಲಾ ಆ ಮನ್ಯಾಗಿನ ಸೀರಿಯಲ್ ಹೀರೋಯಿನ್ನಿಗಿ ಅದಾವಲ್ಲ. ಭಾಳ ಚಂದ ಅಳ್ತಾಳಕಿ. ಇರ್ಲಿ, ನೀವು ಇಷ್ಟು ಕೇಳಾಕತ್ತೀರಿ. ಸಂಕ್ರಾಂತಿ ತನಕ ನಮ್ಮ ಸರದಿ ಬಚ್ಚಲಾ ನೀವೇ ತೊಳಿಬೇಕು, ನೋಡ್ರಿ."

ಮಾನಪ್ಪ ಒಪ್ಪಿದ. ಗೇಟಿನ ಬಳಿ ಹಲ್ಲುಜ್ಜುತ್ತಾ ನಿಂತಿದ್ದ ಮಾಲೀಕ ಮುನಿಆಂಜನಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಏನಯ್ಯಾ ಮಾನಪ್ಪ, ಬಾಮೈದ ಅಂದ್ರೆ ಇಷ್ಟು ಪ್ರಾಣಾನಾ? ನಮ್ಮನೇಲಿ, ತಮ್ಮನ ಮನೇಲಿ, ಬೀಗರ ಮನೇಲಿ ಎಲ್ರ ಕೈಲೂ ಒತ್ತುಸ್ತೀನಿ ಬಿಡು. ಸಂಪಲ್ಲಿ ಕೆಸರು ನಿಂತೈತೆ, ಒಂದಿನ ಇಳಿದು ಬಾಚಿಬಿಡು ಮತ್ತೆ."

ಅದಕ್ಕೂ ಒಪ್ಪಿದ. ಒಳಗೆ ಜಟ್ಟೆಮ್ಮ ಕಣ್ಣೊರೆಸಿಕೊಂಡು ಬುತ್ತಿಗೆ ಒಂದು ರೊಟ್ಟಿ ಹೆಚ್ಚಿಗೆ ಕಟ್ಟಿದಳು. "ನನ್ನ ತಮ್ಮನ ಮ್ಯಾಲ ನಿಮಗ ಇಷ್ಟು ಜೀವ ಐತಂತ ಗೊತ್ತಿರಲಿಲ್ರಿ."

ಮಾನಪ್ಪನಿಗೂ ಗೊತ್ತಿರಲಿಲ್ಲ.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಅವನು ಕೆಲಸ ಮಾಡುವ ಬಟ್ಟೆ ಅಂಗಡಿ. ಮದುವೆ ಸೀಸನ್ನು, ಗಿರಾಕಿಗಳ ನೂಕುನುಗ್ಗಲು. ಥಾನು ಬಿಚ್ಚಿ ತೋರಿಸುವುದು, ಮತ್ತೆ ಸುತ್ತಿಡುವುದು ಅವನ ಕೆಲಸ. ಅಂದು ಅವನು ಹಸಿರು ಕೇಳಿದವರಿಗೆ ಕೆಂಪು ಬಿಚ್ಚಿದ, ಪರದೆ ಬಟ್ಟೆ ಕೇಳಿದವರಿಗೆ ಮದುಮಗಳ ಘಾಗ್ರಾದ ಜರಿ ಹರವಿದ. ಗಲ್ಲಾದ ಮೇಲಿದ್ದ ಮಾಲೀಕ ಸನಾವುಲ್ಲಾ ಸಾಹೇಬರು ಕನ್ನಡಕ ಕೆಳಗಿಳಿಸಿದರು.

"ಅರೇ, ಹುವಾ ಕ್ಯಾ ತುಝೆ? ಏನಾಯ್ತೋ ಮಾನಪ್ಪ?"

ಮಾನಪ್ಪ ಹೇಳಿದ. ಸಾಹೇಬರು ಗಡ್ಡ ನೀವಿಕೊಂಡು, ಬೆನ್ಸನ್ ಟೌನಿನಿಂದ ಫ್ರೇಜರ್ ಟೌನಿನವರೆಗಿನ ತಮ್ಮ ಖಾನ್‌ದಾನಿನ ಎಲ್ಲ ಫೋನುಗಳನ್ನೂ ಕೊಡುವುದಾಗಿ ಮಾತು ಕೊಟ್ಟರು. ಸೀಸನ್ನು ಮುಗಿಯುವವರೆಗೆ ಮಾನಪ್ಪ ಭಾನುವಾರವೂ ಬರಬೇಕೆಂದು ಮಾತು ತೆಗೆದುಕೊಂಡರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸಾಹೇಬರ ತಂಗಿಯ ಮಗ ವಕಾರ್ ಅಲ್ಲೇ ಕೂತಿದ್ದ. ಅಂಗಡಿಯ ಬಟ್ಟೆಗಳ ವಿಡಿಯೋ ಮಾಡಿ ಫೋನಿನಲ್ಲಿ ಹಾಕುವುದು ಅವನ ಉದ್ಯೋಗ.

"ಹಿಂಗೆ ಒಬ್ಬೊಬ್ಬರನ್ನ ಕೇಳಿದ್ರೆ ಆಗಲ್ಲ ಗುರು. ಕ್ಯಾಮೆರಾ ಮುಂದೆ ಹೇಳು. ಎಲ್ರಿಗಿಂತ ಜಾಸ್ತಿ ವೋಟು ಬಂದೋರಿಗೆ ಈ ವಾರ ಒಂದು ವರ ಬೇರೆ ಇದೆ. ಏನು ಕೇಳಿದ್ರೂ ನಡೆಸಿಕೊಡ್ತಾರಂತೆ."

"ವರ ಗಿರ ಬ್ಯಾಡಪ್ಪಾ. ಅಂವಾ ಅಲ್ಲೇ ಇದ್ರ ಸಾಕು."

"ಅದನ್ನೇ ಹೇಳು. ದಿಲ್‌ನಿಂದ ಹೇಳು."

ಮಾನಪ್ಪ ಫೋನಿನ ಮುಂದೆ ನಿಂತ. ಹೊಸ್ತಿಲು ನೆನಪಾಯಿತು, ತುಳುಕುವ ಬಕೆಟ್ಟು ನೆನಪಾಯಿತು, ಪಂಪ್‌ಸೆಟ್ಟು ಕಿವಿಯಲ್ಲಿ ಮೊರೆಯಿತು.

"ಅಂವಾ ಹೊರಗ ಬರಬಾರದ್ರಿ. ಬಂದ್ರ ನನ್ನ ಜೀವ ತಡೆಯಂಗಿಲ್ಲ. ರಾತ್ರಿ ಕಾಲು ಚಾಚಿದಾಗೆಲ್ಲಾ ಅವಂದೇ ನೆಪ್ಪಾಗ್ತದ್ರಿ. ನಿಮಗ ಕೈ ಮುಗೀತೀನಿ, ಅವನ್ನ ಅಲ್ಲೇ ಇಡ್ರಿ."

ಒಂದು ಮಾತೂ ಸುಳ್ಳಲ್ಲ. ಅತ್ತೇ ಬಿಟ್ಟ. ಜರಿ ನೋಡುತ್ತಿದ್ದ ಹೆಂಗಸರೂ ಅತ್ತರು. ವಕಾರ್ ವಿಡಿಯೋದ ಹಿನ್ನೆಲೆಗೆ ಒಂದು ಕೊಳಲು ಸೇರಿಸಿದ.

ಮಧ್ಯಾಹ್ನಕ್ಕೆ ಆ ವಿಡಿಯೋ ಶಿವಾಜಿನಗರದ ಚಹಾದ ಅಂಗಡಿಗಳಲ್ಲಿ ಓಡುತ್ತಿತ್ತು. ಸಂಜೆಗೆ ಅದು ಕೆ.ಆರ್. ಪುರ ದಾಟಿತ್ತು. ಮನೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಅವನ ಗುರುತು ಹಿಡಿದು ಸೀಟು ಕೊಡಿಸಿದ. ಒಬ್ಬ ಹೆಂಗಸು ತನ್ನ ಗಂಡನ ಪಕ್ಕೆಗೆ ತಿವಿದು, "ನೋಡ್ರೀ, ಅಕ್ಕನ ಗಂಡ ಅಂದ್ರೆ ಹಂಗಿರ್ಬೇಕು. ನೀವೂ ಇದೀರಾ, ನನ್ನ ತಮ್ಮ ಬಂದ್ರೆ ಮುಖ ಗಂಟು ಹಾಕ್ಕೊಂಡು" ಎಂದಳು. ಆ ಗಂಡ ಹಲಸೂರು ಬರುವವರೆಗೂ ಮಾನಪ್ಪನನ್ನು ದುರುಗುಟ್ಟಿ ನೋಡಿದ. ಮಾನಪ್ಪ ಕಣ್ಣಿನಲ್ಲೇ ಅವನ ಕ್ಷಮೆ ಕೇಳಿದ.

ವಠಾರದ ಮುಂದೆ ಟೀವಿಯವರ ವ್ಯಾನು, ಅದರ ಹಿಂದೊಂದು ಉದ್ದನೆಯ ಕಾರು. ಅಂಗಳದ ತುಂಬ ಮದುವೆ ಮನೆಯಂಥ ಬೆಳಕು. ಮುನಿಆಂಜನಪ್ಪ ಇಸ್ತ್ರಿ ಪಂಚೆ ಉಟ್ಟು, ತಮ್ಮ ದೊಡ್ಡ ಟೀವಿಯನ್ನು ಸ್ಟೂಲಿನ ಮೇಲೆ ತಂದಿಟ್ಟು, ಕ್ಯಾಮೆರಾ ಎತ್ತ ತಿರುಗಿದರೂ ಅತ್ತಲೇ ನಿಲ್ಲುತ್ತಿದ್ದರು. ಒಬ್ಬ ಹುಡುಗಿ ಮಾನಪ್ಪನ ಅಂಗಿಗೆ ಮೈಕು ಸಿಕ್ಕಿಸಿ, "ಅಂಕಲ್, ಅಳು ಬಂದ್ರೆ ತಡ್ಕೋಬೇಡಿ" ಎಂದಳು.

ಟೀವಿಯಲ್ಲಿ ನಿರೂಪಕ ಮುಖ ಸಪ್ಪೆ ಮಾಡಿಕೊಂಡ. ಜಾಹೀರಾತು ಬಂತು. ಮತ್ತೆ ಸಪ್ಪೆ ಮಾಡಿಕೊಂಡ, ಮತ್ತೆ ಜಾಹೀರಾತು. ಕೊನೆಗೆ ಹೊರಬಿದ್ದದ್ದು ಚಂದ ಅಳುತ್ತಿದ್ದ ಸೀರಿಯಲ್ ಹೀರೋಯಿನ್ನು.

"ಹಾಗೂ ಅತಿ ಹೆಚ್ಚು ವೋಟು... ಲಕ್ಷ್ಮಿಕಾಂತ!"

ವಠಾರ ಶಿಳ್ಳೆ ಹೊಡೆಯಿತು. ಮಾನಪ್ಪ ಕೂತಲ್ಲೇ ಎರಡೂ ಕಾಲು ಉದ್ದಕ್ಕೆ ಚಾಚಿ, ಆ ಕಾಲುಗಳನ್ನೇ ನೋಡಿ ನಕ್ಕ.

ಟೀವಿಯಲ್ಲಿ ಲಕ್ಷ್ಮಿಕಾಂತ ಸೋಫಾದಿಂದ ಎದ್ದು ಕೂತ. ಆಟ ಮೊದಲಾದ ಮೇಲೆ ಅವನು ತಾನಾಗಿ ಎದ್ದದ್ದು ಅದೇ ಮೊದಲು. ಅವನಿಗೆ ಮಾನಪ್ಪನ ವಿಡಿಯೋ ತೋರಿಸಿದರು, ಕೊಳಲು ಸಮೇತ. ವರ ಕೇಳು ಎಂದರು.

"ಮಾವಾ," ಎಂದ ಲಕ್ಷ್ಮಿಕಾಂತ, ಕಣ್ಣಲ್ಲಿ ನೀರು. "ಇಷ್ಟು ದಿನ ನಿನ್ನ ಮನ್ಯಾಗ ಉಂಡೆ, ನಿನ್ನ ಜಾಗದಾಗ ಮಲಗಿದೆ. ಆ ಋಣ ಇವತ್ತು ತೀರಸ್ತೀನಿ. ಆಟ ಮುಗಿಯೋತನ ನೀ ಇಲ್ಲಿ ನನ್ನ ಜೋಡಿ ಇರು. ಇದೇ ನನ್ನ ವರ. ಹಾಸಿಗಿ ಕಡಿಮಿ ಅದಾವ ಮಾವಾ, ಆದ್ರೂ ಚಿಂತಿಲ್ಲ. ಬಾಗಲ ಕಡಿ ನಿನಗ ಜಾಗ ಮಾಡೀನಿ."

ಅಂಗಳದಲ್ಲಿ ಚಪ್ಪಾಳೆ. ಬೆಳಕೆಲ್ಲ ಮಾನಪ್ಪನ ಮುಖಕ್ಕೆ ತಿರುಗಿತು. ಅವನು ಗಳಗಳನೆ ಅತ್ತ. ಹುಡುಗಿ ಹೆಬ್ಬೆರಳೆತ್ತಿ ಶಹಭಾಸ್ ಅಂದಳು.

ಜಯಮಾಲಾ ಕಿವಿಯ ಬಳಿ ಬಂದು, "ಬಚ್ಚಲಾ ಬಾಕಿ ಅದ, ಬಂದ ಮ್ಯಾಲ ಮರೀಬ್ಯಾಡ್ರಿ" ಎಂದಳು. ಮುನಿಆಂಜನಪ್ಪ ಕ್ಯಾಮೆರಾದತ್ತ ನಗುತ್ತಲೇ, "ಸಂಪು ಎಲ್ಲೂ ಹೋಗಲ್ಲ ಬಿಡು" ಎಂದರು.

ಜಟ್ಟೆಮ್ಮ ಗಂಡನ ಅಂಗಿ ಲುಂಗಿಗಳನ್ನು ಚೀಲಕ್ಕೆ ತುಂಬಿ ತಂದಳು. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಳು.

"ಯಾರ ಕೂಡ ಮಾತಾಡಾಕತ್ತಿ?"

"ಊರಿಗಿ. ಸಣ್ಣ ತಮ್ಮಗ ನಾಳೇ ಬಾ ಅಂದೀನ್ರಿ. ನೀವು ಇಲ್ದಾಗ ಇಷ್ಟು ದೊಡ್ಡ ಮನ್ಯಾಗ ನಾ ಒಬ್ಬಾಕಿ ಹೆಂಗಿರ್ಲಿ?"

ಕಾರಿನ ಹಿಂದಿನ ಸೀಟಿನಲ್ಲಿ ಮೂವರು ಮಲಗುವಷ್ಟು ಜಾಗವಿತ್ತು. ಮಾನಪ್ಪ ಬಾಗಿಲ ಕಡೆ ಸರಿದು, ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ಕೂತ.