ಹೊರಿಬೆ ಸಾನ್ ಅವರನ್ನು ಮನೆಗೆ ಕಳುಹಿಸಿದ ಬಗ್ಗೆ

ಸಾಮಾನ್ಯ ಆಡಳಿತ ವಿಭಾಗ
ನಗೋಯಾ ಶಾಖೆ

ಸುತ್ತೋಲೆ ಸಂಖ್ಯೆ: ಸಾಆವಿ/ನಗೋಯಾ/ನಿವೃತ್ತಿ/7(ಅ)

ವಿಷಯ: ನಿವೃತ್ತರಾದ ಅಧಿಕಾರಿಯೊಬ್ಬರು ನಿವೃತ್ತರಾಗಲು ಸಾಧ್ಯವಾಗದೆ ಕಚೇರಿಗೆ ಬರುತ್ತಿದ್ದ ಪ್ರಕರಣ, ಹಾಗೂ ಸಿಬ್ಬಂದಿ ಇನ್ನು ಮುಂದೆ ವಹಿಸಬೇಕಾದ ಎಚ್ಚರ.

ಓದಲಾಗಿದೆ:
(1) ಹೊರಿಬೆ ಸಾನ್ ಅವರ ನಿವೃತ್ತಿ ಅರ್ಜಿ.
(2) ಅದೇ ಅರ್ಜಿ, ಎರಡನೇ ಸುತ್ತು.
(3) ಅದೇ ಅರ್ಜಿ, ತದನಂತರದ ಸುತ್ತುಗಳು.

(ಸೂಚನೆ: ‘ಸಾನ್’ ಎಂಬುದು ಇಲ್ಲಿ ಹೆಸರಿನ ಮುಂದೆ ಸೇರಿಸುವ ಗೌರವಸೂಚಕ. ಈ ಸುತ್ತೋಲೆಯ ಜಪಾನೀ ಪ್ರತಿ ಅನುಮೋದನೆಯ ಸಾಲಿನಲ್ಲಿದೆ. ಕನ್ನಡ ಪ್ರತಿಗೆ ಯಾರ ಅನುಮೋದನೆ ಬೇಕೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಹೇಳಿಲ್ಲವಾದ ಕಾರಣ ಇದನ್ನು ಮೊದಲು ಹೊರಡಿಸಲಾಗಿದೆ.)

ಪ್ರಸ್ತಾವನೆ

ಕಾರಿನ ಸೀಟ್ ಬೆಲ್ಟ್ ತಯಾರಿಸುವ ಈ ಕಂಪನಿಯಲ್ಲಿ ಪೆನ್ಸಿಲ್ ಕೊಳ್ಳುವುದರಿಂದ ಹಿಡಿದು ಹೊಸ ಕಾರ್ಖಾನೆ ಕಟ್ಟುವವರೆಗೆ ಎಲ್ಲಕ್ಕೂ ಅರ್ಜಿ ಬರೆದು, ಅದನ್ನು ಮೇಜಿನಿಂದ ಮೇಜಿಗೆ ಒಯ್ದು, ಕೆಂಪು ಮುದ್ರೆ ಹಾಕಿಸಿಕೊಳ್ಳುವ ಪದ್ಧತಿಯಿತ್ತು. ಈ ಓಡಾಟವನ್ನೆಲ್ಲ ಕಂಪ್ಯೂಟರಿನೊಳಗೆ ಇಳಿಸಲೆಂದು ಮೈಸೂರಿನ ಪ್ರಣತಿ ಎಂಬ ಸಾಫ್ಟ್‌ವೇರ್ ಡೆವಲಪರ್ ಅವರನ್ನು ಕರೆಸಿಕೊಳ್ಳಲಾಯಿತು. ಸದರಿಯವರು ಇಡೀ ಕಚೇರಿಯನ್ನು ಚೌಕಗಳಾಗಿಯೂ ಬಾಣಗಳಾಗಿಯೂ ಬರೆದರು. ಮನುಷ್ಯರು ಚೌಕದಲ್ಲಿರುತ್ತಾರೆ, ಕೆಲಸ ಬಾಣದ ಮೇಲೆ ಹೋಗುತ್ತದೆ, ಹೊರಟ ಬಾಣ ಎಲ್ಲಾದರೂ ಹೋಗಿ ಮುಟ್ಟುತ್ತದೆ ಎಂದು ಅವರು ಮನಸಾರೆ ನಂಬಿದ್ದರು.

ಅವರು ಬರೆದ ನಿಯಮಗಳಲ್ಲಿ ಮೂರು ಪ್ರಸ್ತುತವಾಗಿರುತ್ತವೆ. ಯಾರೂ ತಮ್ಮ ಅರ್ಜಿಯನ್ನು ತಾವೇ ಅನುಮೋದಿಸುವಂತಿಲ್ಲ. ಹಾಗೆ ಬಂದರೆ ಅರ್ಜಿ ಉಪಮುಖ್ಯಸ್ಥರಿಗೆ ಹೋಗುತ್ತದೆ. ಉಪಮುಖ್ಯಸ್ಥರ ಹುದ್ದೆ ಖಾಲಿಯಿದ್ದರೆ ಅವರ ಮೇಲಿನವರಿಗೆ ಹೋಗುತ್ತದೆ. ಮೂರೂ ಬಿಡಿಬಿಡಿಯಾಗಿ ಸರಿಯಾಗಿದ್ದವು. ಟೋಕಿಯೋದ ಸಮಿತಿ ಚಪ್ಪಾಳೆ ತಟ್ಟಿತು.

ಸಾಮಾನ್ಯ ಆಡಳಿತ ವಿಭಾಗದ ಮುಖ್ಯಸ್ಥರಾದ ಹೊರಿಬೆ ಸಾನ್ ಅವರಿಗೆ ವಯಸ್ಸಾಯಿತು. ಅವರು ನಿವೃತ್ತಿಗೆ ಅರ್ಜಿ ಹಾಕಿದರು. ನಿವೃತ್ತಿಯನ್ನು ಅನುಮೋದಿಸಬೇಕಾದವರು ಸಾಮಾನ್ಯ ಆಡಳಿತದ ಮುಖ್ಯಸ್ಥರು, ಅಂದರೆ ಅವರೇ. ತಮ್ಮದನ್ನು ತಾವೇ ಅನುಮೋದಿಸುವಂತಿಲ್ಲವಾದ್ದರಿಂದ ಅರ್ಜಿ ಉಪಮುಖ್ಯಸ್ಥರ ಕಡೆಗೆ ಹೊರಟಿತು. ಆ ಹುದ್ದೆ ಖಾಲಿ. ಅರ್ಜಿ ಉಪಮುಖ್ಯಸ್ಥರ ಮೇಲಿನವರ ಬಳಿಗೆ, ಅಂದರೆ ಪುನಃ ಹೊರಿಬೆ ಸಾನ್ ಅವರ ಬಳಿಗೆ ಬಂತು. ಅಂದಿನಿಂದ ಅದು ಗಾಣದ ಎತ್ತಿನಂತೆ ಸುತ್ತತೊಡಗಿತು.

ಅಷ್ಟರಲ್ಲಿ ಬೀಳ್ಕೊಡುಗೆ ನಡೆದುಹೋಗಿತ್ತು. ಭಾಷಣಗಳಾಗಿದ್ದವು, ಹೂಗುಚ್ಛ ಕೊಟ್ಟಾಗಿತ್ತು, ಶಾಖೆಯ ನಿರ್ದೇಶಕರಾದ ಮಿಜುತಾನಿ ಸಾನ್ ಕಣ್ಣೊರೆಸಿಕೊಂಡಿದ್ದರು. ಮಾರನೆಯ ಬೆಳಿಗ್ಗೆ ಹೊರಿಬೆ ಸಾನ್ ಟೈ ಕಟ್ಟಿಕೊಂಡು, ಹೂಗುಚ್ಛ ಹಿಡಿದುಕೊಂಡು, ಎಂದಿನ ಸಮಯಕ್ಕೆ ಹಾಜರಾದರು. ಅವರ ಮೇಜನ್ನು ಬೇರೆಯವರಿಗೆ ಕೊಟ್ಟಾಗಿದ್ದುದರಿಂದ ಫೋಟೋಕಾಪಿ ಯಂತ್ರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು.

"ಹೊರಿಬೆ ಸಾನ್, ನೀವು ನಿನ್ನೆ ರಿಟೈರ್ ಆದ್ರಲ್ಲ," ಎಂದರು ಪ್ರಣತಿ.

"ಆಗಿಲ್ವಂತೆ," ಎಂದು ಹೊರಿಬೆ ಸಾನ್ ತಲೆಬಾಗಿದರು. "ಎಲ್ಲರಿಗೂ ತೊಂದರೆ ಕೊಡ್ತಾ ಇದೀನಿ. ಸುಮಿಮಾಸೆನ್, ಕ್ಷಮಿಸಿ."

ಅರ್ಜಿಯ ಪ್ರತಿ ಸುತ್ತಿಗೂ ವ್ಯವಸ್ಥೆಯಿಂದ ಅವರಿಗೆ ಒಂದು ಇಮೇಲ್ ಬರುತ್ತಿತ್ತು: ‘ತಮ್ಮ ಅನುಮೋದನೆ ಬಾಕಿಯಿದೆ. ವಿಳಂಬದಿಂದ ಅರ್ಜಿದಾರರಿಗೆ ತೊಂದರೆಯಾಗುತ್ತಿದೆ.’ ಅವರು ಪ್ರತಿಯೊಂದಕ್ಕೂ ಉತ್ತರ ಬರೆದು ಅರ್ಜಿದಾರರ ಕ್ಷಮೆ ಕೋರುತ್ತಿದ್ದರು. ಆ ಉತ್ತರ ಅರ್ಜಿದಾರರಾದ ಅವರಿಗೇ ತಲುಪುತ್ತಿತ್ತು. ಆಗ ಅವರು, ಪರವಾಗಿಲ್ಲ, ದಯವಿಟ್ಟು ನೊಂದುಕೊಳ್ಳಬೇಡಿ ಎಂದು ಮರಳಿ ಬರೆಯುತ್ತಿದ್ದರು.

ಪ್ರಣತಿ ಮಿಜುತಾನಿ ಸಾನ್ ಬಳಿ ಹೋದರು. ಮಿಜುತಾನಿ ಸಾನ್ ಚೌಕ ಬಾಣಗಳ ಚಿತ್ರವನ್ನು ಬಹಳ ಹೊತ್ತು ನೋಡಿ, ಹಲ್ಲಿನ ಸಂದಿಯಿಂದ ಗಾಳಿ ಒಳಗೆಳೆದುಕೊಂಡು, "ಕಷ್ಟ ಇದೆ ಇದು," ಎಂದರು. ಈ ದೇಶದಲ್ಲಿ ಹಾಗೆಂದರೆ ಆಗುವುದಿಲ್ಲವೆಂದು ಅರ್ಥ. ಚಿತ್ರದ ಆ ಭಾಗದಲ್ಲಿ ತಮ್ಮ ಚೌಕವೇ ಇಲ್ಲ, ಇಲ್ಲದ ಚೌಕದಿಂದ ತಾವು ಹೇಗೆ ಅನುಮೋದಿಸುವುದು ಎಂಬುದು ಅವರ ವಾದ. ನಿಯಮ ಬದಲಿಸಲು ಟೋಕಿಯೋದ ಸಮಿತಿ ಸೇರಬೇಕು. ಅದು ಸೇರುವುದು ಶರತ್ಕಾಲದಲ್ಲಿ, ಎಲೆ ಕೆಂಪಾದ ಮೇಲೆ. ಆಗಿನ್ನೂ ಸೆಕೆಗಾಲ.

ಪ್ರಣತಿಯವರ ಜೊತೆ ಕೆಲಸ ಮಾಡುವ ಸಾಫ್ಟ್‌ವೇರ್ ಪರೀಕ್ಷಕರಾದ ವಿಘ್ನೇಶ್ ಅವರಿಗೆ ಇದೆಲ್ಲ ಅತಿಯೆನಿಸಿತು. ಅವರು ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ದಾಖಲಿಸಲಾಗಿದೆ:

"ಪ್ರಣತಿ, ಸುಮ್ನೆ ಡೇಟಾಬೇಸಲ್ಲಿ ಸ್ಟೇಟಸ್ ಚೇಂಜ್ ಮಾಡ್ಬಿಡಿ. ಒಂದ್ ಲೈನು. ಯಾರ್ ನೋಡ್ತಾರೆ?"

"ಆಡಿಟ್‌ನೋರು ನೋಡ್ತಾರೆ. ತನ್ನ ಅರ್ಜಿನ ತಾನೇ ಅಪ್ರೂವ್ ಮಾಡ್ಕೊಂಡ ಅಂತ ಹೊರಿಬೆ ಸಾನ್ ಹೆಸರಲ್ಲಿ ರೆಕಾರ್ಡ್ ಉಳಿಯುತ್ತೆ. ಆಫೀಸ್ ಪೆನ್ನು ಜೇಬಲ್ಲಿ ಉಳ್ಕೊಂಡ್ರೆ ಟ್ರೇನ್ ಹತ್ತಿ ವಾಪಸ್ ತಂದುಕೊಡೋ ಮನುಷ್ಯ ಅವರು."

"ಹಂಗಾದ್ರೆ ಇಲ್ಲೇ ಕೂತು ಮುದುಕ ಆಗ್ಲಿ ಬಿಡಿ."

"ಆಗಿದಾರೆ. ಅದಕ್ಕೇ ತಾನೇ ರಿಟೈರ್‌ಮೆಂಟು."

ಆ ಶನಿವಾರ ಪ್ರಣತಿ ಹೊರಿಬೆ ಸಾನ್ ಅವರ ಮನೆಯ ಕೆಳಗಿನ ಕಾಫಿ ಅಂಗಡಿಗೆ ಹೋದರು. ಅದನ್ನು ನಡೆಸುತ್ತಿದ್ದವರು ಹೊರಿಬೆ ಸಾನ್ ಅವರ ಹೆಂಡತಿ ಫುಮಿ ಸಾನ್. ನಗೋಯಾದಲ್ಲಿ ಬೆಳಗಿನ ಕಾಫಿಯ ಜೊತೆ ಬೆಣ್ಣೆ ಹಚ್ಚಿದ ಟೋಸ್ಟ್ ಮೇಲೆ ಸಿಹಿ ಕಾಳಿನ ಹೂರಣ ಹಾಕಿ ಕೊಡುತ್ತಾರೆ. ಒಬ್ಬಟ್ಟಿಗೆ ಕಣಕ ಸಿಗದಿದ್ದಾಗ ಬ್ರೆಡ್ಡಿಗೆ ಹಚ್ಚಿದಂತಿರುವ ಈ ತಿಂಡಿಯನ್ನು ಪ್ರಣತಿ ಇಷ್ಟಪಡುತ್ತಿದ್ದರು. ಅಂದು ಫುಮಿ ಸಾನ್ ಒಂದು ಕೈಯಿಂದ ಕಟ್ಟೆ ಹಿಡಿದುಕೊಂಡು ಕುಂಟುತ್ತಿದ್ದರು. ಗಿರಾಕಿಗಳು ತಮ್ಮ ಕಪ್ಪುಗಳನ್ನು ತಾವೇ ಎತ್ತಿಡುತ್ತಿದ್ದರು.

"ಮಂಡಿ ಆಪರೇಷನ್‌ಗೆ ಮುಂದಿನ ವಾರ ಬಾ ಅಂದಿದಾರೆ," ಎಂದರು ಫುಮಿ ಸಾನ್. "ಇವರು ಅಂಗಡಿ ನೋಡ್ಕೊಳ್ಳೋದು ಅಂತ ಮಾತಾಗಿತ್ತು. ಇವರು ಬರದಿದ್ರೆ ಡಾಕ್ಟ್ರಿಗೆ ಮತ್ತೆ ಮುಂದೂಡಿ ಅನ್ಬೇಕು. ಒಂದು ಸಲ ಆಗ್ಲೇ ಅಂದಿದೀನಿ. ಆಫೀಸಲ್ಲಿ ಅದೇನೋ ಕಂಪ್ಯೂಟರ್ ಬಿಡ್ತಾ ಇಲ್ವಂತೆ. ಯಾರು ಮಾಡಿದ್ರೋ ಅದನ್ನ."

"ನಾನೇ ಮಾಡಿದ್ದು," ಎಂದರು ಪ್ರಣತಿ.

ಫುಮಿ ಸಾನ್ ಕುಂಟುತ್ತ ಒಳಗೆ ಹೋಗಿ ಇನ್ನೊಂದು ಟೋಸ್ಟ್ ತಂದು ಅವರ ತಟ್ಟೆಗಿಟ್ಟರು. "ತಿನ್ನಿ. ತುಂಬಾ ಸಣ್ಣಗಿದೀರಿ."

ಬೈದಿದ್ದರೆ ಎಷ್ಟೋ ಮೇಲಾಗಿತ್ತೆಂದು ಪ್ರಣತಿಗೆ ಅನಿಸಿತು. ಸೋಮವಾರ ಅವರು ತಮ್ಮ ಚಿತ್ರವನ್ನು ಗೋಡೆಗೆ ಅಂಟಿಸಿ, ಬರೆದವರ ಕಣ್ಣಿನಿಂದಲ್ಲದೆ, ಒಳಗೆ ಸಿಕ್ಕಿಬಿದ್ದವರ ಕಣ್ಣಿನಿಂದ ನೋಡತೊಡಗಿದರು. ಉಪಮುಖ್ಯಸ್ಥರ ಚೌಕ ಖಾಲಿಯಿತ್ತು. ಖಾಲಿ ಹುದ್ದೆಗೆ ಶಾಖೆಯ ಬ್ಯಾಡ್ಜ್ ಇರುವ ಯಾರನ್ನಾದರೂ ಪ್ರಭಾರಕ್ಕೆ ನೇಮಿಸುವ ಅಧಿಕಾರ ವಿಭಾಗದ ಮುಖ್ಯಸ್ಥರಿಗಿತ್ತು. ಮುಖ್ಯಸ್ಥರು ಫೋಟೋಕಾಪಿ ಯಂತ್ರದ ಪಕ್ಕದಲ್ಲೇ ಕುಳಿತಿದ್ದರು.

"ಹೊರಿಬೆ ಸಾನ್, ನನ್ನನ್ನ ನಿಮ್ಮ ಉಪಮುಖ್ಯಸ್ಥೆ ಮಾಡಿ. ನಿಮ್ಮ ಅರ್ಜಿ ನನ್ನ ಹತ್ರ ಬರುತ್ತೆ. ನಾನು ಒಪ್ಪಿಗೆ ಕೊಡ್ತೀನಿ. ಇದರಲ್ಲಿ ಕಳ್ಳತನ ಇಲ್ಲ."

ಹೊರಿಬೆ ಸಾನ್ ಯೋಚಿಸಿದರು. "ನಿಮಗೆ ಸಾಮಾನ್ಯ ಆಡಳಿತ ಗೊತ್ತಾ?"

"ಗೊತ್ತಿಲ್ಲ."

"ಭೂಕಂಪದ ಹೆಲ್ಮೆಟ್‌ಗಳು ಎಲ್ಲಿವೆ?"

"ಗೊತ್ತಿಲ್ಲ."

"ಹಾಗಾದ್ರೆ ಹೇಗೆ ನೇಮಕ ಮಾಡ್ಲಿ? ತಪ್ಪಾಗುತ್ತೆ." ಅವರು ಎದ್ದು ಕೋಟು ಸರಿಪಡಿಸಿಕೊಂಡರು. "ಬನ್ನಿ, ಕಲಿಸ್ತೀನಿ."

ಅಂದು ಇಡೀ ಮಧ್ಯಾಹ್ನ ಸದರಿ ಪ್ರಣತಿ ಅವರಿಗೆ ತರಬೇತಿ ನೀಡಲಾಯಿತು. ಹೆಲ್ಮೆಟ್‌ಗಳ ಕಪಾಟು, ಬಲಗಡೆಗೆ ಒಂದು ಪೆಟ್ಟು ಕೊಟ್ಟರೆ ಮಾತ್ರ ಕೆಲಸ ಮಾಡುವ, ಕಾಗದವನ್ನು ಹರಿದು ಚೂರು ಮಾಡುವ ಯಂತ್ರ, ಮಳೆಗಾಲದಲ್ಲಿ ಊದಿಕೊಳ್ಳುವ ಬಾಗಿಲು, ಅತಿಥಿಗಳಿಗೆ ಮಾತ್ರ ಕೊಡುವ ಚಹಾ ಮತ್ತು ಅತಿಥಿಗಳಿಗೆ ಕೊಡಲೇಬಾರದ ಚಹಾ, ಎಲ್ಲವನ್ನೂ ತೋರಿಸಲಾಯಿತು. ಕೊನೆಗೆ ಹೊರಿಬೆ ಸಾನ್ ಪರೀಕ್ಷೆ ನಡೆಸಿದರು. ಚಹಾದ ವಿಷಯದಲ್ಲಿ ಪ್ರಣತಿ ಮೊದಲ ಸಲ ಅನುತ್ತೀರ್ಣರಾಗಿ, ಎರಡನೆಯ ಸಲ ತೇರ್ಗಡೆಯಾದರು. ನೇಮಕಾತಿಯಾಯಿತು. ಅರ್ಜಿ ಸುತ್ತಿಕೊಂಡು ಬಂದು ಅವರ ಪರದೆಯ ಮೇಲೆ ನಿಂತಿತು. ಅವರು ಗುಂಡಿ ಒತ್ತಿದರು.

ಒತ್ತಿದ ಕ್ಷಣವೇ ಹೊರಿಬೆ ಸಾನ್ ಅವರ ಬ್ಯಾಡ್ಜ್ ರದ್ದಾಗಿ, ಅವರಿಗೆ ಹೊರಹೋಗುವ ಬಾಗಿಲೂ ತೆರೆಯಲಿಲ್ಲ. ಪ್ರಣತಿ ತಮ್ಮ ಬ್ಯಾಡ್ಜ್‌ನಿಂದ ಬಾಗಿಲು ತೆರೆದು ಹಿಡಿದುಕೊಂಡರು. ಹೊರಿಬೆ ಸಾನ್ ಲಿಫ್ಟ್‌ನೊಳಗೆ ನಿಂತು, ಇವರ ಕಡೆಗೆ ತಿರುಗಿ, ಸೊಂಟದಿಂದ ಬಾಗಿದರು. ಬಾಗಿಲು ಮುಚ್ಚಿಕೊಳ್ಳುವವರೆಗೂ ತಲೆಯೆತ್ತಲಿಲ್ಲ. ಮುಚ್ಚಿದ ಮೇಲೂ ಪ್ರಣತಿ ಸ್ವಲ್ಪ ಹೊತ್ತು ಅಲ್ಲಿಯೇ ಬಾಗಿ ನಿಂತಿದ್ದರೆಂದು ವಿಘ್ನೇಶ್ ಅವರು ವರದಿ ಮಾಡಿರುತ್ತಾರೆ.

ಮೇಲ್ಕಂಡ ಪ್ರಸ್ತಾವನೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ನಿವೃತ್ತರಾಗಬಯಸುವವರು, ತಮ್ಮನ್ನು ಮನೆಗೆ ಕಳುಹಿಸಬೇಕಾದ ಅಧಿಕಾರಿ ತಾವೇ ಅಲ್ಲವೆಂದು ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ತಾವೇ ಆಗಿದ್ದಲ್ಲಿ, ತಮ್ಮೊಡನೆ ಸೌಹಾರ್ದದಿಂದ ಚರ್ಚಿಸತಕ್ಕದ್ದು.

2. ಬೀಳ್ಕೊಡುಗೆಯ ಹೂಗುಚ್ಛವನ್ನು ಮಾರನೆಯ ದಿನ ಕಚೇರಿಗೆ ತರುವಂತಿಲ್ಲ. ತಂದಲ್ಲಿ ಅದನ್ನು ಹೊಸದಾಗಿ ಸೇರಿದವರ ಸ್ವಾಗತಕ್ಕೆಂದು ಪರಿಗಣಿಸಲಾಗುವುದು.

3. ವ್ಯವಸ್ಥೆಯಿಂದ ಬರುವ ಇಮೇಲ್‌ಗಳಿಗೆ ಕ್ಷಮೆ ಕೋರುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ತಮ್ಮಿಂದ ತಾವು ಕ್ಷಮೆ ಕೋರಿಸಿಕೊಂಡವರು ಅದನ್ನು ಶೀಘ್ರ ಸ್ವೀಕರಿಸಿ ಕಡತ ಮುಕ್ತಾಯಗೊಳಿಸತಕ್ಕದ್ದು.

4. ಯಾವುದೇ ಅರ್ಜಿ ಮೂರನೆಯ ಸುತ್ತಿಗೆ ಬಂದರೆ, ಡೆವಲಪರ್ ಕುರ್ಚಿಯಿಂದೆದ್ದು, ಸಂಬಂಧಪಟ್ಟವರ ಬಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಬಾಯಲ್ಲಿ ಕೇಳತಕ್ಕದ್ದು. ನಡೆಯುವುದನ್ನು ಮುಂದಿನ ಆದೇಶದವರೆಗೆ ಸಾಫ್ಟ್‌ವೇರ್ ಎಂದು ಭಾವಿಸಲಾಗುವುದು. ಇದರ ಹೊಸ ಆವೃತ್ತಿ ಬಿಡುಗಡೆ ಮಾಡುವುದಾಗಿ ಹೇಳಿರುವ ವಿಘ್ನೇಶ್ ಅವರು ಮೊದಲು ಮೆಟ್ಟಿಲು ಹತ್ತಿ ಪರೀಕ್ಷಿಸತಕ್ಕದ್ದು.

5. ಮುಖ್ಯಸ್ಥರ ಹುದ್ದೆ ತೆರವಾದ ಕಾರಣ ಪ್ರಭಾರ ಉಪಮುಖ್ಯಸ್ಥೆಯೇ ಪ್ರಭಾರ ಮುಖ್ಯಸ್ಥೆಯಾಗಿರುತ್ತಾರೆ. ಡೆವಲಪರ್ ಒಬ್ಬರು ಹೀಗೆ ಆಡಳಿತವನ್ನು ವಶಪಡಿಸಿಕೊಂಡದ್ದಕ್ಕೆ ಮಿಜುತಾನಿ ಸಾನ್ ಅವರು ತಪ್ಪೊಪ್ಪಿಗೆ ಪತ್ರ ಕೇಳಿರುತ್ತಾರೆ. ಪ್ರಣತಿ ಅದನ್ನು ಸಾಮಾನ್ಯ ಆಡಳಿತದ ಮುಖ್ಯಸ್ಥರಿಗೆ ಸಲ್ಲಿಸಿರುತ್ತಾರೆ. ಮುಖ್ಯಸ್ಥರು ಓದಿ, ಬರವಣಿಗೆ ಚೆನ್ನಾಗಿದೆಯಾದರೂ ಪಶ್ಚಾತ್ತಾಪ ಸಾಲದೆಂದು ಅಭಿಪ್ರಾಯಪಟ್ಟು, ತೀರ್ಮಾನವನ್ನು ಮುಂದೆ ಬರುವವರಿಗೆ ಬಿಟ್ಟಿರುತ್ತಾರೆ. ಪ್ರಣತಿ ಅವರನ್ನು ಊರಿಗೆ ವಾಪಸ್ ಕಳುಹಿಸುವ ಸಾಧ್ಯತೆಯೂ ಇರುತ್ತದೆ. ಈ ಬಗ್ಗೆ ಸದರಿಯವರು ಚಿಂತಿತರಾಗಿದ್ದಾರೆ, ವಿಷಾದಿಸುತ್ತಿಲ್ಲ.

6. ಫುಮಿ ಸಾನ್ ಅವರ ಶಸ್ತ್ರಚಿಕಿತ್ಸೆ ನಿಗದಿಯಾದ ದಿನವೇ ಸುಸೂತ್ರವಾಗಿ ನಡೆದಿರುತ್ತದೆ. ಪ್ರಸ್ತುತ ಅವರು ಅಂಗಡಿಯ ಮೂಲೆಯಲ್ಲಿ ಕಾಲು ಚಾಚಿ ಕುಳಿತು ಹೊರಿಬೆ ಸಾನ್ ಅವರಿಗೆ ಆದೇಶಗಳನ್ನು ನೀಡುತ್ತಿದ್ದಾರೆ. ಹೊರಿಬೆ ಸಾನ್ ಅವರು ಟೋಸ್ಟನ್ನು ಒಂದು ಬದಿ ಸುಟ್ಟ ಮೇಲೆ, ಇನ್ನೊಂದು ಬದಿಯನ್ನು ಸುಡಲು ಗಿರಾಕಿಯ ಒಪ್ಪಿಗೆ ಕೇಳುತ್ತಾರೆ. ಅಲ್ಲಿಗೆ ಹೋಗುವ ಸಿಬ್ಬಂದಿ ನಗದೆ, ಸ್ಪಷ್ಟವಾಗಿ ಹೌದು ಎನ್ನತಕ್ಕದ್ದು. ‘ಆಮೇಲೆ ನೋಡೋಣ’ ಎಂದವರ ಟೋಸ್ಟ್ ಇನ್ನೂ ಬಂದಿರುವುದಿಲ್ಲ.

7. ಕಾಗದ ಹರಿಯುವ ಯಂತ್ರಕ್ಕೆ ಪೆಟ್ಟು ಕೊಡುವ ಅಧಿಕಾರ ತರಬೇತಿ ಪಡೆದವರಿಗೆ ಮಾತ್ರ ಇರುತ್ತದೆ.

8. ಈ ಸುತ್ತೋಲೆ ಅರ್ಥವಾದ ಕೂಡಲೇ ಜಾರಿಗೆ ಬರುತ್ತದೆ. ಅರ್ಥವಾಗದವರಿಗೆ ನಾಳೆಯಿಂದ.

(ಸಹಿ)
ಪ್ರಣತಿ
ಪ್ರಭಾರ ಮುಖ್ಯಸ್ಥೆ, ಸಾಮಾನ್ಯ ಆಡಳಿತ ವಿಭಾಗ
ನಗೋಯಾ ಶಾಖೆ

ಪ್ರತಿಗಳು:

ಮಿಜುತಾನಿ ಸಾನ್, ಶಾಖಾ ನಿರ್ದೇಶಕರು. ಜಪಾನೀ ಪ್ರತಿ ಬರುವವರೆಗೆ ಇದನ್ನು ಓದಿದಂತೆ ಭಾವಿಸುವ ಕೃಪೆ ಮಾಡಬೇಕಾಗಿ ಕೋರಿಕೆ.

ಟೋಕಿಯೋದ ಸಮಿತಿ. ಎಲೆ ಕೆಂಪಾದಾಗ ತೆರೆದು ನೋಡುವುದು.

ವಿಘ್ನೇಶ್, ಪರೀಕ್ಷಕರು. ಮೆಟ್ಟಿಲುಗಳ ಬಳಿ.

ಫುಮಿ ಸಾನ್, ಕಾಫಿ ಅಂಗಡಿ. ಟೋಸ್ಟ್‌ನೊಂದಿಗೆ ಓದಿ ಹೇಳಲಾಗುವುದು.

ಹೊರಿಬೆ ಸಾನ್, ನಿವೃತ್ತರು. ಮಾಹಿತಿಗಾಗಿ ಮಾತ್ರ. ತಾವು ಏನನ್ನೂ ಅನುಮೋದಿಸಬೇಕಾಗಿಲ್ಲ.