ತಲೆಯಾಡಿಸುವವರ ಕತ್ತು ಹಿಡಿದ ದಿನ

ಎಲ್ಲಕ್ಕೂ ಕಾರಣ ಹೊಸ ದಿಂಬು. ಹಳೆಯದು ಕಾಗದದಷ್ಟು ತೆಳ್ಳಗಾಗಿದೆ ಎಂದು ಹೆಂಡತಿ ತಂದದ್ದು. ಅದರ ಎತ್ತರ ಎಷ್ಟಿತ್ತೆಂದರೆ, ಗಡಿಯಾರ ರಿಪೇರಿಯವರಿಗೆ ತಾವು ಮಲಗಿದ್ದೇವೋ ಕೂತಿದ್ದೇವೋ ಎಂಬುದೇ ತಿಳಿಯಲಿಲ್ಲ. ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಮೇಲಕ್ಕೂ ಇಲ್ಲ.

ಬೇರೆ ದಿನವಾಗಿದ್ದರೆ ಅಂಗಡಿಗೆ ರಜ ಹಾಕಿ ಮಲಗಬಹುದಿತ್ತು. ಆದರೆ ಅಂದು ಸಂಜೆ ಆರಕ್ಕೆ ಗ್ರಂಥಾಲಯದ ಮಹಡಿಯಲ್ಲಿ ಅವರ ತಂಡದ ಕಾರ್ಯಕ್ರಮ. ತಂಡದಲ್ಲಿ ನಾಲ್ವರು. ಪಿಟೀಲಿಗೆ ಪೋಸ್ಟ್‌ಮಾಸ್ಟರು, ಕೊಳಲಿಗೆ ಹಲ್ಲಿನ ಡಾಕ್ಟರಮ್ಮ, ಎದೆಯೆತ್ತರದ ಪಿಟೀಲಿನಂಥ ಸೆಲ್ಲೊಗೆ ಬೇಕರಿಯವರು, ಮ್ಯಾಂಡೊಲಿನ್‌ಗೆ ನಮ್ಮ ಗಡಿಯಾರದವರು. ಮ್ಯಾಂಡೊಲಿನ್ನಿನ ಪಾಲು ಅಷ್ಟಕ್ಕಷ್ಟೆ, ನಡುವೆ ನಿಂತುಹೋದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಸನ್ನೆ ಅವರದು. ಹನ್ನೊಂದು ವರ್ಷದಿಂದ ಅವರು ತಲೆ ಎತ್ತಿ ಇಳಿಸಿದರೆ ನಾಲ್ಕೂ ವಾದ್ಯ ಹೊರಡಬೇಕು, ಅವರು ತಲೆ ತೂಗಿದರೆ ನಿಧಾನವಾಗಬೇಕು. ದಿನವಿಡೀ ಸೆಕೆಂಡಿನ ಮುಳ್ಳು ನೋಡುವವರಿಗೆ ತಾಳ ತಪ್ಪುವುದಿಲ್ಲ ಎಂದು ತಂಡವೇ ವಹಿಸಿದ್ದ ಕೆಲಸ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಅವರು ಹೇಳಿದ್ದು ನಡೆಯುತ್ತಿರಲಿಲ್ಲ. ನಡೆಯುತ್ತಿದ್ದದ್ದು ಅಲ್ಲಿ ಮಾತ್ರ.

"ಇವತ್ತೊಂದಿನ ಹೋಗ್ಬೇಡಿ," ಎಂದಳು ಹೆಂಡತಿ.

"ಹೋಗದಿದ್ರೆ ನಾಳೆ ನನ್ನ ಕುರ್ಚೀಲಿ ಪೋಸ್ಟ್‌ಮಾಸ್ಟರ್ ಭಾವಮೈದುನ ಕೂತಿರ್ತಾನೆ ಕಣೆ. ಹೊಸ ಮ್ಯಾಂಡೊಲಿನ್ ತಗೊಂಡು ಕಾಯ್ತಾ ಇದಾನೆ."

ಪಕ್ಕದ ಮನೆಯ ಟೈಲರಿಗೆ ಸುದ್ದಿ ತಲುಪಲು ಹತ್ತು ನಿಮಿಷ ಸಾಕಾಯಿತು. ಯಾರೂ ಕೇಳದಿದ್ದರೂ ಉಪಕಾರ ಮಾಡುವ ಮನುಷ್ಯ. "ಆಸ್ಪತ್ರೆ ಪಟ್ಟಿ ಯಾಕೆ ಸಾರ್, ನಾನಿಲ್ವಾ," ಎಂದು ಕೋಟಿನ ಭುಜಕ್ಕೆ ಹಾಕುವ ಸ್ಪಂಜು, ಷರಟಿನ ಡಬ್ಬಿಯ ರಟ್ಟು ಸೇರಿಸಿ, ಯಾರದೋ ಪರದೆಯಲ್ಲಿ ಉಳಿದಿದ್ದ ಹಳದಿ ಹೂವಿನ ಬಟ್ಟೆಯಲ್ಲಿ ಗೇಣೆತ್ತರದ ಪಟ್ಟಿ ಹೊಲಿದು ಕತ್ತಿಗೆ ಕಟ್ಟಿಯೇಬಿಟ್ಟ. ಗಡಿಯಾರದವರು ಹೂದಾನಿಯಲ್ಲಿ ಇಟ್ಟಂತೆ ಕಂಡರು. ಬೇಡ ಎಂದು ತಲೆಯಾಡಿಸಲು ನೋಡಿದರು, ಅದೂ ಆಗಲಿಲ್ಲ.

ನಾಲ್ಕು ಗಂಟೆಗೆ ತಾಲೀಮು. ಹಲ್ಲಿನ ಡಾಕ್ಟರಮ್ಮ ಕತ್ತು ಒತ್ತಿ ನೋಡಿ, "ಹಲ್ಲಾಗಿದ್ರೆ ಕಿತ್ತುಬಿಡ್ತಿದ್ದೆ," ಎಂದರು. ನಂತರ ಅವರೇ, "ಪರವಾಗಿಲ್ಲ, ಸನ್ನೆ ನಾನು ಕೊಡ್ತೀನಿ," ಎಂದು ತಲೆ ಬಾಗಿಸಿದರೆ ಕೊಳಲು ತುಟಿಯಿಂದ ಜಾರಿತು. ಪೋಸ್ಟ್‌ಮಾಸ್ಟರು ತಲೆ ಎತ್ತುವಷ್ಟರಲ್ಲೇ ಬೇಕರಿಯವರು ಹೊರಟುಬಿಟ್ಟರು.

"ಇಳಿಸೋವರೆಗೆ ಕಾಯ್ಬೇಕು ರೀ."

"ನೀವು ಇಳಿಸೋದು ಯಾವಾಗ? ಅಷ್ಟೊತ್ತಿಗೆ ನನ್ನ ಬ್ರೆಡ್ಡು ಸೀದುಹೋಗುತ್ತೆ."

ಮೂವರೂ ಪಟ್ಟು ಹಿಡಿದರು. ಮೂರು ತಲೆ, ಮೂರು ಶುರು. ಐದೂವರೆಯ ಹೊತ್ತಿಗೆ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಪೋಸ್ಟ್‌ಮಾಸ್ಟರು ಗಡಿಯಾರದವರ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಇವತ್ತು ಕೆಟ್ರೆ, ನೋಡಿ, ಮುಂದಿಂದು ಯೋಚನೆ ಮಾಡ್ಬೇಕಾಗುತ್ತೆ."

ಆರಕ್ಕೆ ವೇದಿಕೆ ಹತ್ತಿದರು. ಹಳದಿ ಹೂವಿನ ಪಟ್ಟಿ ನೋಡಿ ಜನ ಕಿಸಕ್ಕೆಂದರು. ಮೊದಲ ಸಾಲಿನಲ್ಲಿ ಟೈಲರು, ಅವನ ಪಕ್ಕದಲ್ಲೇ ಭಾವಮೈದುನ. ಗಡಿಯಾರದವರಿಗೆ ಜೊತೆಯವರು ಯಾರೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಎದುರು ಗೋಡೆಯ ಗಡಿಯಾರ, ಅದೂ ಎಂಟು ನಿಮಿಷ ಹಿಂದೆ. ಸನ್ನೆ ಕೊಡುವವರಿಲ್ಲ. ನಾಲ್ವರೂ ವಾದ್ಯ ಹಿಡಿದು ಸುಮ್ಮನೆ ಕೂತರು. ಸಭೆಯೂ ಸುಮ್ಮನಾಯಿತು.

ಆ ಮೌನದಲ್ಲಿ ಗಡಿಯಾರದವರಿಗೆ ಒಂದು ಸದ್ದು ಕೇಳಿಸಿತು. ಡಾಕ್ಟರಮ್ಮ ಉಸಿರು ಒಳಗೆಳೆದುಕೊಳ್ಳುತ್ತಿದ್ದರು. ಅದರ ಬೆನ್ನಿಗೇ ಬೇಕರಿಯವರ ಕುರ್ಚಿ ಸಣ್ಣಗೆ ಕಿರುಗುಟ್ಟಿತು, ಪೋಸ್ಟ್‌ಮಾಸ್ಟರ ತೋಳಿನ ಗುಂಡಿ ಪಿಟೀಲಿಗೆ ತಾಗಿತು. ಈಗ ಎಂದು ಗಡಿಯಾರದವರ ಬೆರಳಿಗೆ ತಾನಾಗಿ ಗೊತ್ತಾಯಿತು. ನಾಲ್ಕೂ ವಾದ್ಯ ಒಂದೇ ಬಾಗಿಲಿನಿಂದ ಹೊರಬಂದಂತೆ ಹೊರಟವು.

ಅಂಥದ್ದನ್ನು ಅವರು ಹಿಂದೆಂದೂ ನುಡಿಸಿರಲಿಲ್ಲ. ಕೊಳಲು ತಡೆದರೆ ಪಿಟೀಲು ಕಾಯುತ್ತಿತ್ತು, ಪಿಟೀಲು ಎಡವಿದರೆ ಸೆಲ್ಲೊ ಕೈಹಿಡಿಯುತ್ತಿತ್ತು. ಬೇಕರಿಯವರು ನುಡಿಸುತ್ತಾ ಸಣ್ಣಗೆ ಗುನುಗುತ್ತಾರೆ ಎಂಬುದು ಗಡಿಯಾರದವರಿಗೆ ಅಂದೇ ತಿಳಿದದ್ದು. ಹನ್ನೊಂದು ವರ್ಷ ತಲೆಯಾಡಿಸುವುದರಲ್ಲೇ ಕಳೆದು, ಜೊತೆಯವರನ್ನು ಕೇಳಿಸಿಕೊಂಡೇ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಸಂತೋಷವೇ ಒಂದು ಹಿಡಿ ಹೆಚ್ಚು.

ಚಪ್ಪಾಳೆ ನಿಲ್ಲಲಿಲ್ಲ. ಭಾವಮೈದುನ ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋದ. ಕುರ್ಚಿ ಉಳಿಯಿತು ಎಂಬ ಸಮಾಧಾನದಲ್ಲಿ ಗಡಿಯಾರದವರು ಸಭೆಗೆ ನಮಸ್ಕರಿಸಲು ಸೊಂಟದಿಂದ ಬಾಗಿದರು. ಕತ್ತಿನಲ್ಲಿ ಕಟಕ್ ಎಂದಿತು. ಪಟ್ಟಿ ಬಿಚ್ಚಿ ನೋಡುತ್ತಾರೆ, ಎಡಕ್ಕೂ ಬಲಕ್ಕೂ ಸರಾಗ.

"ಸರಿಹೋಯ್ತು," ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡು. "ಕತ್ತು ಸರಿಹೋಯ್ತು. ಮುಂದಿನ ವಾರದಿಂದ ಸನ್ನೆ ಮತ್ತೆ ನಾನೇ ಕೊಡ್ತೀನಿ."

ಪೋಸ್ಟ್‌ಮಾಸ್ಟರು, ಡಾಕ್ಟರಮ್ಮ, ಬೇಕರಿಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೂ ಮೂರು ತಲೆಗಳು ಬೇಡ ಎಂದು ಅಲ್ಲಾಡಿದವು. ಯಾವ ತಲೆಯೂ ಅರೆ ಸೆಕೆಂಡು ಹಿಂದೆ ಮುಂದೆ ಆಗಿರಲಿಲ್ಲ ಎಂಬುದನ್ನು ಗಡಿಯಾರದವರು ಒಪ್ಪಲೇಬೇಕಾಯಿತು.

"ಪಟ್ಟಿ ಇರಲಿ," ಎಂದರು ಪೋಸ್ಟ್‌ಮಾಸ್ಟರು, ಅದನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಕಟ್ಟುತ್ತಾ. "ಕುರ್ಚಿ ನಿಮ್ಮದೇ. ಪಟ್ಟಿ ಸಮೇತ."

ಅಷ್ಟರಲ್ಲಿ ಟೈಲರು ವೇದಿಕೆ ಹತ್ತಿ ಬಂದಿದ್ದ. "ಹೂವಿಂದು ಬೇಡ ಸಾರ್, ಕೋಟಿಗೆ ಹೊಂದೋ ಹಾಗೆ ಕಪ್ಪು ಬಟ್ಟೇಲಿ ಒಂದು ಖಾಯಂ ಆಗಿ ಹೊಲಿದುಬಿಡ್ತೀನಿ," ಎಂದು ಟೇಪು ತೆಗೆದು, ಪಟ್ಟಿ ಸರಿಸಿ ಕತ್ತಿಗೆ ಸುತ್ತಿದ. "ಸ್ವಲ್ಪ ತಲೆ ಎತ್ತಿ."

ಗಡಿಯಾರದವರು ಎತ್ತಿದರು. ಸರಿಹೋದ ಕತ್ತಿಗೆ ಸಿಕ್ಕ ಮೊದಲ ಕೆಲಸ ಅದು.