ಕುಂಕುಮ ಹಚ್ಚಿದ ಸರ್ವರ್

ಕರೆಂಟು ಉಳಿಸಿ ಎಂದು ಇನ್ನೊಬ್ಬರಿಗೆ ಹೇಳುವುದರಲ್ಲಿರುವ ಸುಖ, ನಾವೇ ಉಳಿಸುವುದರಲ್ಲಿ ಇಲ್ಲ. ಶಂಕರಪುರದ ನಮ್ಮ ಮನೆಯಲ್ಲಿ ಈ ಸುಖವನ್ನು ನಾನು ಧಾರಾಳವಾಗಿ ಅನುಭವಿಸುತ್ತೇನೆ. ಯಜಮಾನರು ಗೀಸರ್ ಹಾಕಿ ಪೇಪರ್ ಹಿಡಿದು ಕೂತರೆ ಸಾಕು, ಧ್ರುವಪ್ರದೇಶದ ಹಿಮಕ್ಕೂ ಅವರ ಸ್ನಾನಕ್ಕೂ ಇರುವ ಸಂಬಂಧವನ್ನು ಬಿಡಿಸಿ ಹೇಳಲು ಶುರುಮಾಡುತ್ತೇನೆ. ಒಂದು ದಿನ ಅವರು ಪೇಪರಿನಿಂದ ತಲೆಯೆತ್ತದೆ, “ನಿಮ್ಮಾಫೀಸಲ್ಲಿ ಅದ್ಯಾವ್ದೋ ಪೆಟ್ಟಿಗೆಗೆ ಹಗಲೂ ರಾತ್ರಿ ಏಸಿ ಹಾಕಿ ಸಾಕ್ತಿದೀಯಲ್ಲೇ, ಆಗ ಹಿಮ ಕರಗಲ್ವಾ? ಹೇಳೋದು ಆಚಾರ, ತಿನ್ನೋದು ಬದನೇಕಾಯಿ” ಎಂದರು.

ಚಾಮರಾಜಪೇಟೆಯ ಹಳೆಯ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಅವರು ಪೆಟ್ಟಿಗೆ ಎಂದದ್ದು ಅಲ್ಲಿನ ಹಳೆಯ ಸರ್ವರನ್ನು. ಸಂಘದ ಲೆಕ್ಕವೆಲ್ಲ ಇಂಟರ್ನೆಟ್ಟಿಗೆ ಏರಿ ವರ್ಷಗಳೇ ಆಗಿದ್ದರೂ ಇದು ಮೂಲೆಯ ಕೋಣೆಯಲ್ಲಿ ಗುಯ್ ಎನ್ನುತ್ತಾ, ಹಸಿರು ದೀಪ ಮಿಣುಕಿಸುತ್ತಾ ತಣ್ಣಗೆ ಕೂತಿತ್ತು. ಏನು ಮಾಡುತ್ತಿದೆ ಎಂದು ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ನನ್ನ ಹುದ್ದೆಯ ಹೆಸರು ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ ಗಂಭೀರವಾಗಿ “ಬ್ಯಾಕೆಂಡ್” ಎನ್ನುತ್ತಿದ್ದೆ. ಕೇಳಿದವರು ಕೈಮುಗಿಯುವುದೊಂದು ಬಾಕಿ.

ಅದೂ ನಡೆಯುತ್ತಿತ್ತು ಅನ್ನಿ. ಆಯುಧಪೂಜೆಯಂದು ನಮ್ಮ ಕ್ಯಾಷಿಯರ್ ಗಿರಿಜಮ್ಮ ಎಲ್ಲ ಕಂಪ್ಯೂಟರುಗಳನ್ನೂ ಆಫ್ ಮಾಡಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚುತ್ತಾರೆ. ಈ ಸರ್ವರಿಗೆ ಮಾತ್ರ ಓಡುತ್ತಿರುವಾಗಲೇ ಪೂಜೆ. ಯಾವುದೋ ವರ್ಷ ನಾನೇ “ಅದನ್ನ ಆಫ್ ಮಾಡೋ ಹಾಗಿಲ್ಲ” ಎಂದಿದ್ದೆ, ಅಷ್ಟಕ್ಕೇ ಅದು ನಂದಾದೀಪದ ಲೆಕ್ಕಕ್ಕೆ ಸೇರಿಬಿಟ್ಟಿತು. ಬೂದುಗುಂಬಳಕಾಯಿ ಒಡೆಯುವುದೂ ಅದರ ಬಾಗಿಲಲ್ಲೇ. ಕುಂಕುಮ ಗಟ್ಟಿಯಾಗಿ ಅದರ ಮೇಲಿನ ಅಕ್ಷರಗಳೇ ಮುಚ್ಚಿಹೋಗಿದ್ದವು.

ಯಜಮಾನರ ಮಾತು ಚುಚ್ಚುತ್ತಲೇ ಇತ್ತು. ಕೊನೆಗೊಂದು ದಿನ ಸರ್ವರಿನ ಒಳಹೊಕ್ಕು ನೋಡಿದೆ. ಅದು ದಿನವಿಡೀ ಮಾಡುತ್ತಿದ್ದದ್ದು ಒಂದೇ ಕೆಲಸ: ತಾನು ಚೆನ್ನಾಗಿದ್ದೇನೆಯೇ ಎಂದು ಪರೀಕ್ಷಿಸಿಕೊಂಡು, ಚೆನ್ನಾಗಿದ್ದೇನೆ ಎಂದು ತನಗೇ ವರದಿ ಬರೆದುಕೊಳ್ಳುವುದು. ಆದರೂ ನನಗೆ ಧೈರ್ಯ ಬರಲಿಲ್ಲ. ಬಡ್ಡಿ ಲೆಕ್ಕದ ಯಾವುದೋ ಒಂದು ಎಳೆ ಇನ್ನೂ ಇದರಲ್ಲೇ ಸಿಕ್ಕಿಕೊಂಡಿದ್ದರೆ? ಗವಿಪುರದ ನಿವೃತ್ತ ಮೇಷ್ಟರುಗಳು ಬಡ್ಡಿ ನಂಬಿಕೊಂಡು ಔಷಧಿ ತರುವವರು. ಅದು ನಿಂತರೆ ಅವರ ಶಾಪವೂ ನನಗೆ, ಕೆಲಸ ಕಳೆದುಕೊಳ್ಳುವುದೂ ನಾನೇ. ಒಳಗಿದ್ದುದನ್ನೆಲ್ಲ ನಕಲು ಮಾಡಿಟ್ಟುಕೊಂಡು, ತಿಂಗಳ ಕೊನೆಯ ಶನಿವಾರ ಕೋಣೆಗೆ ಹೋದೆ. ಗಿರಿಜಮ್ಮ ಹಿಂದೆಯೇ ಬಂದರು.

“ಹೋಗಿ ಹೋಗಿ ಶನಿವಾರ ಯಾಕಮ್ಮ? ಅದರ ಪಾಡಿಗೆ ಅದಿರತ್ತೆ, ಬಿಡ್ಬಾರ್ದಾ?” ಎಂದರು.

“ಅದರ ಪಾಡಿಗೆ ಅದಿಲ್ಲ ಗಿರಿಜಮ್ಮ, ನಮ್ ಕರೆಂಟಲ್ಲಿದೆ” ಎಂದು ಗುಂಡಿ ಒತ್ತಿದೆ. ಏಸಿಯನ್ನೂ ಆರಿಸಿದೆ. ಗುಯ್ ನಿಂತೇಹೋಯಿತು. ಹೊರಗೆ ಸೊಪ್ಪಿನವಳು ಕೂಗುತ್ತಿದ್ದದ್ದು ಆ ಕೋಣೆಗೆ ಮೊದಲ ಸಲ ಕೇಳಿಸಿತು. ಗಿರಿಜಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. ಭಾನುವಾರ ನನಗೆ ಅನ್ನ ಸೇರಲಿಲ್ಲ.

ಸೋಮವಾರ ಯಾರೂ ಏನೂ ಕೇಳಲಿಲ್ಲ. ಒಂದನೇ ತಾರೀಖು ಸಂಬಳವೂ ಬಂತು, ಬಡ್ಡಿಯೂ ಬಂತು. ಗವಿಪುರದ ಮೇಷ್ಟರೊಬ್ಬರು ಕೌಂಟರಿಗೆ ಬಂದು, ಪಾಸ್‌ಬುಕ್ಕಿನ ಅಕ್ಷರ ಸಣ್ಣದಾಯಿತು ಎಂದು ಎಂದಿನಂತೆ ಬೈದು ಹೋದರು. ಬೈಗುಳ ಅಷ್ಟು ಇಂಪಾಗಿ ಕೇಳಿದ್ದು ನನಗೆ ಅದೇ ಮೊದಲು. ಹೋದ ಜೀವ ಬಂದಂತಾಗಿ, ಎದುರಿನ ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಿಸಿದೆ. ಗಿರಿಜಮ್ಮ ಕೂಡ ಎರಡನೇ ಲೋಟ ಕುಡಿದರು.

ಈ ಸಂಭ್ರಮದಲ್ಲೇ ನಮ್ಮ ಕಾರ್ಯದರ್ಶಿಗಳು ನನ್ನನ್ನು ಒಳಗೆ ಕರೆದರು. ಶಹಬ್ಬಾಸ್ ಎನ್ನುತ್ತಾರೆಂದು ಸೆರಗು ಸರಿಮಾಡಿಕೊಂಡು ಹೋದೆ.

“ಇಷ್ಟು ವರ್ಷ ಅದು ಏನ್ ಕೆಲಸ ಮಾಡ್ತಿತ್ತು ಮೇಡಂ?”

“ಎಲ್ಲ ಸರಿಯಾಗಿದೆ ಅಂತ ದಿನಾ ರಿಪೋರ್ಟ್ ಕೊಡ್ತಿತ್ತು ಸಾರ್.”

“ಅಷ್ಟೇನಾ?”

“ಅಷ್ಟೇ ಸಾರ್.”

ಅವರು ಕನ್ನಡಕ ತೆಗೆದು ನನ್ನನ್ನೇ ನಿಧಾನವಾಗಿ ನೋಡಿದರು. “ಅಂಥದ್ದು ಈ ಆಫೀಸಲ್ಲಿ ಇನ್ನೇನೇನಿದೆ, ಹುಡುಕಿ ಹೇಳಿ” ಎಂದರು. ಪ್ರತಿದಿನ ಬೆಳಿಗ್ಗೆ ಅವರ ಫೋನಿಗೆ “ಎಲ್ಲ ಸರಿಯಾಗಿದೆ ಸಾರ್” ಎಂದು ಮೆಸೇಜು ಹಾಕುವುದು ನಾನೇ ಎಂಬುದು ನನಗೆ ಆಗ ಹೊಳೆಯಿತು.

ಹುಡುಕುತ್ತಿದ್ದೇನೆ. ಆತುರವೇನಿಲ್ಲದೆ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಇರಲಿ ಎಂದು, ನನ್ನ ತಲೆಯ ಮೇಲಿನ ಫ್ಯಾನನ್ನು ನಾನೇ ಆರಿಸಿಕೊಂಡು, ಬೆವರೊರೆಸಿಕೊಳ್ಳುತ್ತಾ, ಆದಷ್ಟು ಕಡಿಮೆ ಕರೆಂಟಿನಲ್ಲಿ ಕೂತಿದ್ದೇನೆ.